ಗುಳಿಗೆ ನುಂಗಿ ಜ್ವರ ಇಳಿದರೆ ಕೆಲಸಕ್ಕೆ ಹೋಗಬಹುದೇ?

ಭಟ್ಕಳ, ಹೊನ್ನಾವರ, ಕುಮಟಾ ಕಡೆ ತೋಟದ ಕೆಲಸ, ಕೊಟ್ಟಿಗೆಯ ಹಸು ಜ್ವರವೆಂದು ಕಾಯುವುದಿಲ್ಲ. ಹಾಗಾಗಿ ಗುಳಿಗೆ ನುಂಗಿ ಮೈ ಬಿಸಿ ಇಳಿದರೆ ಗುಣವಾಯಿತೆಂದು ಅನೇಕರು ಏಳುತ್ತಾರೆ. ಇದು ಸರಿಯೇ?

ಅಲ್ಲ. ಪ್ಯಾರಸಿಟಮಾಲ್ ಜ್ವರ ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲೂ ಇದೆ. ಉಣುಗು ಕಚ್ಚಿ ಬರುವ ಈ ಜ್ವರ ಕೆಲವರಲ್ಲಿ ಬಿಟ್ಟಂತಾಗಿ, ಒಂದೆರಡು ವಾರದ ಬಳಿಕ ವಿಪರೀತ ತಲೆನೋವು, ನಡುಕದೊಂದಿಗೆ ಮರಳುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಸೊಪ್ಪು, ಕಟ್ಟಿಗೆಗೆ ಕಾಡಿಗೆ ಹೋದವರಿಗೆ ಜ್ವರ ಬಂದರೆ ಅದನ್ನು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು.

ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನೆರೆಯವರು ಹೆದರದೆ ಹಸುವಿಗೆ ಹುಲ್ಲು ಹಾಕಿಕೊಡಬಹುದು; ಕಾಯಿಲೆಯವರು ಮಲಗಲಿ.