ಹಿಮದ ಕಡೆಯ ದಿನ

ಕಾಶ್ಮೀರ ದೇಶದ ಪ್ರಾಚೀನ ಗ್ರಂಥವಾದ ನೀಲಮತ ಪುರಾಣದಲ್ಲಿ, ವರ್ಷದ ಮೊದಲ ಹಿಮ ಬಿದ್ದ ದಿನ ಆಚರಿಸತಕ್ಕ ಒಂದು ಉತ್ಸವವನ್ನು ಹೇಳಿದೆ. ಅಂದು ಹಿಮವಂತನನ್ನು ಪೂಜಿಸಬೇಕು. ಹೊಸ ಹಿಮದ ಮೇಲೆ ಬಂಧುಮಿತ್ರರೊಡನೆ ಕುಳಿತು ಗೀತವಾದ್ಯಗಳಿಂದ ಸಂತೋಷಪಡಬೇಕು. ಕುಡಿಯುವ ಅಭ್ಯಾಸವುಳ್ಳವರಿಗೆ ಹೊಸ ಮದ್ಯಕ್ಕೂ ಅನುಮತಿಯುಂಟು. (ಈ ಕಡೆಯ ಮಾತನ್ನು ನಮ್ಮ ಓದುಗರು ಮೆಲ್ಲಗೆ ದಾಟಿ ಮುಂದೆ ಹೋಗಬಹುದು.) ಮೊದಲ ಹಿಮದ ಒಂದು ತುಣುಕನ್ನು ಪೊಟ್ಟಣ ಕಟ್ಟಿ, ತಿಳಿಯದಂತೆ ನೆಂಟರ ಕೈಯಲ್ಲಿಟ್ಟು, ಅವರಿಂದ ಔತಣವನ್ನು ಪಡೆಯುವ ವಿನೋದವೂ ಆ ನಾಡಿನಲ್ಲಿ ಉಂಟು. ಆದರೆ ಕಡೆಯ ಹಿಮಕ್ಕೆ ಹೀಗೆ ಹಬ್ಬ ಮಾಡುವುದು ಕಷ್ಟ. ಮೊದಲನೆಯದು ಬಿದ್ದಾಗ ಅದು ಮೊದಲನೆಯದೆಂದು ಮಗುವಿಗೂ ಗೊತ್ತಾಗುವುದು. ಕಡೆಯದು ಕಡೆಯದೆಂದು ಆ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಕಾಶ್ಮೀರಿಗಳು ಹಿಮವನ್ನು ಶೀನ್ ಎನ್ನುವರು. ಇದು ಸಂಸ್ಕೃತದ ಶೀನ ಶಬ್ದವೇ; ದ್ರವವಾಗಿದ್ದುದು ಗಟ್ಟಿಯಾಯಿತೆಂದು ಅದರ ಅರ್ಥ. ವೈಯಾಕರಣರು ಇದಕ್ಕೆ ಉದಾಹರಣೆಯಾಗಿ ಕೊಡುವುದು ಹೆಪ್ಪುಗಟ್ಟಿದ ತುಪ್ಪವನ್ನು. ನಮ್ಮ ಕನ್ನಡದಲ್ಲಿ ಇಬ್ಬನಿಗೂ ಕಾವಳಕ್ಕೂ ಹಿಮಕ್ಕೂ ಮಂಜೆಂಬ ಒಂದೇ ಮಾತಿನಲ್ಲಿ ಕೆಲಸ ನಡೆದುಹೋಗುತ್ತದೆ. ಬೇರೆ ಬೇರೆ ಹೆಸರಿಡುವಷ್ಟು ಅದರ ಕಾಟ ನಮಗೆ ಇಲ್ಲವಷ್ಟೆ. ಆದರೆ ಧನುರ್ಮಾಸದ ಬೆಳಗ್ಗೆ ಗಟ್ಟಿಯಾದ ತುಪ್ಪದ ಗಿಂಡಿಯನ್ನು ಒಲೆಯ ಬಳಿಗೆ ಸರಿಸಿದವರೆಲ್ಲರೂ ಶೀನವು ಕರಗುವ ಕ್ರಮವನ್ನು ಬಲ್ಲರು. ಮೊದಲು ಅಂಚು ಬಿಡುವುದು. ನಡುವಿನ ಗಡ್ಡೆ ಇನ್ನೂ ಇದ್ದಂತೆಯೇ ತೋರುವುದು. ಆಮೇಲೆ ನೋಡುನೋಡುತ್ತಿದ್ದಂತೆ ಅದೂ ಇರುವುದಿಲ್ಲ.

ಈ ಕರಗುವಿಕೆಯನ್ನು ದಿನದಿನವೂ ಅಳೆದು ನೋಡುತ್ತ ಕುಳಿತಿರುವವರು ಗುಲ್ಮಾರ್ಗದ ಸ್ಕೀ ಆಟದವರು. ಉದ್ದವಾದ ಎರಡು ಹಲಗೆಗಳನ್ನು ಪಾದಕ್ಕೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದೇ ಈ ಆಟ. ಗುಲ್ಮಾರ್ಗವು ಶ್ರೀನಗರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, 8,700 ಅಡಿಗಳಷ್ಟು ಎತ್ತರದಲ್ಲಿರುವ ಹುಲ್ಲುಗಾವಲು. ಅದರ ಹಳೆಯ ಹೆಸರು ಗೌರೀಮಾರ್ಗ. ಹೂಗಳ ಬಯಲೆಂಬ ಅರ್ಥದ ಈಗಿನ ಹೆಸರನ್ನಿಟ್ಟವನು 16ನೆಯ ಶತಮಾನದ ಸುಲ್ತಾನ ಯೂಸುಫ್ ಷಾ ಚಕ್ ಎನ್ನುವರು. 1927ರಲ್ಲಿ ಆಂಗ್ಲರು ಅಲ್ಲಿ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು. 1998ರಲ್ಲಿ ತಂತಿಯ ಮೇಲೆ ತೂಗಿಹೋಗುವ ಗೊಂಡೋಲ ವಾಹನದ ಮೊದಲ ಹಂತವೂ, 2005ರಲ್ಲಿ ಅಫರ್ವತ್ ಪರ್ವತದ ಭುಜಕ್ಕೆ, ಎಂದರೆ ಸುಮಾರು 13,000 ಅಡಿಗಳ ಎತ್ತರಕ್ಕೆ, ಎರಡನೆಯ ಹಂತವೂ ಆರಂಭವಾದುವು.

ನಮ್ಮ ರೈತನು ಆರಿದ್ರಾ ಪುನರ್ವಸುಗಳೆಂದು ಮಳೆಯನ್ನು ಎಣಿಸುವಂತೆ ಕಾಶ್ಮೀರದವನು ಚಳಿಯನ್ನು ಎಣಿಸುವನು. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಸಣ್ಣ ಚಳಿ. ಅನಂತರ 10 ದಿನ ಮರಿಚಳಿ. ಹಿಮವನ್ನು ಹೊತ್ತು ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಬರುವ ಪಶ್ಚಿಮದ ವಾಯುಕ್ಷೋಭೆ. ಅದು ತಪ್ಪಿದರೆ ಹಿಮವಿಲ್ಲ. ಅದು ಬಂದರೂ ಗಾಳಿ ಬೆಚ್ಚಗಿದ್ದರೆ ತಗ್ಗಿನಲ್ಲಿ ಹಿಮಕ್ಕೆ ಬದಲು ಮಳೆ ಬೀಳುವುದು: ಉಷ್ಣತೆ ಒಂದು ಡಿಗ್ರಿ ಏರಿದರೆ ಹಿಮ ಬೀಳುವ ಎಲ್ಲೆ ಸುಮಾರು 500 ಅಡಿ ಮೇಲಕ್ಕೆ ಸರಿಯುತ್ತದೆ. 2024ರ ಜನವರಿಯ ನಡುವಿನಲ್ಲಿಯೂ ಗುಲ್ಮಾರ್ಗದ ಬಯಲು ಬರಿಯ ಒಣಹುಲ್ಲಾಗಿದ್ದಿತು. ಹಿಮ ಬಿದ್ದುದು ತಿಂಗಳ ಕೊನೆಗೆ. ಅದೇ ವರ್ಷ ಡಿಸೆಂಬರಿನ ಕೊನೆಯಲ್ಲಿ ಚೆನ್ನಾಗಿ ಬಿದ್ದಿತು. ಆದರೆ ಅದರ ಮುಂದಿನ ವಾರಗಳು ಬಹುಮಟ್ಟಿಗೆ ಒಣಗಿದ ವಾರಗಳು. 2025ರ ಫೆಬ್ರವರಿ 22ರಂದು ಅಲ್ಲಿ ಆರಂಭವಾಗಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲವೆಂದು ಮುಂದಕ್ಕೆ ಹಾಕಿ, ಮಾರ್ಚಿ 9ರಿಂದ 12ರವರೆಗೆ ನಡೆಸಬೇಕಾಯಿತು. ಚಿಲ್ಲೈ ಎಂಬುದೆಲ್ಲ ಕಳೆದುಹೋದ ಮೇಲೆ ಚಳಿಗಾಲದ ಕ್ರೀಡೆ!

ಇಂತಹ ಋತುವಿನ ಕಡೆಯ ದಿನ ಹೇಗಿರುವುದು? ರಾತ್ರಿ ಆಕಾಶವು ಶುಭ್ರವಾಗಿದ್ದರೆ ಹಿಮವು ತನ್ನ ಶಾಖವನ್ನು ಬಿಟ್ಟುಕೊಟ್ಟು, ಬೆಳಗಾಗುವ ಹೊತ್ತಿಗೆ ಕಲ್ಲಾಗಿರುವುದು. ಹಲಗೆಯ ಅಂಚಿನ ಉಕ್ಕು ಅದರ ಮೇಲೆ ಕರಕರನೆ ಕೆರೆಯುವುದು. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಮಾತ್ರ ಬಿಟ್ಟು, ದಪ್ಪ ಸಕ್ಕರೆಯ ಹರಳಿನಂತೆ ಆಗುವುದು. ಬಲ್ಲವರು ಕಾಯುವುದು ಈ ಹೊತ್ತಿಗಾಗಿ. ಇದು ಒಂದು ಒಂದೂವರೆ ಗಂಟೆಗಿಂತ ಹೆಚ್ಚು ಇರುವುದು ಅಪರೂಪ. ಹಲಗೆಯು ಜಾರುವುದು ಉಜ್ಜುವಿಕೆಯಿಂದ ಹುಟ್ಟುವ ತೆಳುವಾದ ನೀರಿನ ಪೊರೆಯ ಮೇಲೆ. ಪೊರೆ ತೆಳುವಾಗಿದ್ದಷ್ಟೂ ಲೇಸು. ಮಧ್ಯಾಹ್ನದ ಹಿಮದಲ್ಲಿ ನೀರು ಹೆಚ್ಚಾಗಿ, ಕೆಸರುಗದ್ದೆಯು ಕಾಲನ್ನು ಹಿಡಿದಂತೆ ಅದು ಹಲಗೆಯನ್ನು ಹೀರಿ ಹಿಡಿಯುವುದು. ಹಲಗೆ ನಿಲ್ಲುವುದು, ಮೈ ಮಾತ್ರ ಮುಂದಕ್ಕೆ ಹೋಗುವುದು; ಪೆಟ್ಟು ಬೀಳುವುದು ಮಂಡಿಗೆ. ಆದುದರಿಂದ ಹಳಬರು ಮಧ್ಯಾಹ್ನದ ಮುನ್ನವೇ ಹಲಗೆ ಬಿಚ್ಚಿ ಚಹಾ ಕುಡಿಯುತ್ತ ಕುಳಿತುಬಿಡುವರು. ರಜ ಮುಗಿದು ನಾಳೆ ಊರಿಗೆ ಹೊರಡಬೇಕಾದವರು ಮಾತ್ರ, ಕೊಟ್ಟ ಹಣಕ್ಕೆ ನ್ಯಾಯ ದೊರೆಯಲೆಂದು, ಹುಲ್ಲು ಇಣುಕುವ ತೇಪೆಗಳ ನಡುವೆ ಇನ್ನೊಮ್ಮೆ, ಇನ್ನೊಂದೇ ಸಲ ಎಂದು ಜಾರುತ್ತಿರುವರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಡೆಯ ದಿನವು ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ಗೊಂಡೋಲದ ದರವನ್ನು ತೆತ್ತು 13,000 ಅಡಿಗೆ ಏರಬಲ್ಲವನಿಗೆ ಹಿಮವು ಇನ್ನೂ ಕೆಲವು ವಾರ ದೊರೆಯುವುದು. ತಗ್ಗಿನ ಸಣ್ಣ ಇಳಿಜಾರುಗಳಲ್ಲಿ ಅದು ಮೊದಲೇ ಹೋಗುವುದು. ಆ ತಗ್ಗಿನಲ್ಲಿ ಆಡುವವರು ಯಾರು? ಹೊಸದಾಗಿ ಕಲಿಯುವವರು ಮತ್ತು ಸುತ್ತಣ ಹಳ್ಳಿಗಳ ಹುಡುಗರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು ಆರಿಫ್ ಖಾನ್ ಇದೇ ಪ್ರಾಂತದವರು. 4 ವರ್ಷದ ಮಗುವಾಗಿದ್ದಾಗಲೇ ತಂದೆಯಿಂದ ಈ ವಿದ್ಯೆಯನ್ನು ಕಲಿಯಲಾರಂಭಿಸಿದವರು. 4 ವರ್ಷದ ಮಗುವನ್ನು ಅಫರ್ವತ್ತಿನ ಭುಜದಿಂದ ಕೆಳಕ್ಕೆ ಬಿಡಲಾಗುವುದಿಲ್ಲ. ಅಕ್ಷರಾಭ್ಯಾಸಕ್ಕೆ ಮರಳು ಬೇಕಾದಂತೆ ಆ ಮಗುವಿಗೆ ಮನೆಯ ಹತ್ತಿರದ ತಗ್ಗು ಬೇಕು, ಅದರ ಮೇಲೆ ಎರಡು ಮೂರು ತಿಂಗಳು ನಿಲ್ಲುವ ಹಿಮ ಬೇಕು. ಮೂರು ವಾರದ ಹಿಮದಲ್ಲಿ ಯಾವ ವಿದ್ಯೆಯೂ ಮೈಗೆ ಹತ್ತದು.

ಮಾರ್ಚಿಯಲ್ಲಿ ಮತ್ತೆ ಬಿದ್ದರೆ ಆಯಿತಷ್ಟೆ ಎಂದು ಕೇಳಬಹುದು. ಆಟದ ಮಟ್ಟಿಗೆ ಆಗಬಹುದು, ಅದೂ ನಾಲ್ಕು ದಿನಕ್ಕೆ. ನೀರಿನ ಲೆಕ್ಕ ಬೇರೆ. ದೊಡ್ಡ ಚಳಿಯಲ್ಲಿ ಬಿದ್ದ ಹಿಮವು ಪದರದ ಮೇಲೆ ಪದರವಾಗಿ ಅದುಮಿಕೊಂಡು ಗಟ್ಟಿಯಾಗಿ, ಬೇಸಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಕರಗಿ ಊಟೆಗಳಿಗೂ ಝೇಲಂ ನದಿಗೂ ಇಳಿಯುವುದು. ಮಾರ್ಚಿಯ ಹಿಮಕ್ಕೆ ಗಟ್ಟಿಯಾಗಲು ಕಾಲವಿಲ್ಲ. ಬಿಸಿಲು ಆಗಲೇ ಏರಿರುತ್ತದೆ. ಬಂದಷ್ಟೇ ಬೇಗ ಹರಿದುಹೋಗುವುದು. ಉಗ್ರಾಣಕ್ಕೆ ತುಂಬಿದ ಧಾನ್ಯಕ್ಕೂ ದಾರಿಯಲ್ಲಿ ಚೆಲ್ಲಿದ ಧಾನ್ಯಕ್ಕೂ ಇರುವ ಭೇದ ಇದು. ಕಲ್ಹಣನ ರಾಜತರಂಗಿಣಿಯಲ್ಲಿ ಅಕ್ಷವಾಲವೆಂದು ಹೆಸರಾದ ಅಚಬಲ್‌ನಲ್ಲಿ, ಮೊಗಲರು ಉದ್ಯಾನ ಕಟ್ಟಿದ್ದ ಪ್ರಸಿದ್ಧವಾದ ಬುಗ್ಗೆಯು 2025ರ ಫೆಬ್ರವರಿಯಲ್ಲಿ ಬತ್ತಿ ತಳ ಕಂಡಿತು. ಸ್ಕೀ ಪಂದ್ಯಗಳನ್ನು ಮುಂದೂಡಿದ್ದೂ ಅದೇ ತಿಂಗಳು. ಪತ್ರಿಕೆಗಳಲ್ಲಿ ಎರಡೂ ಬೇರೆ ಬೇರೆ ಸುದ್ದಿಗಳು. ಕಾರಣ ಮಾತ್ರ ಒಂದೇ.

ಕಡೆಯ ದಿನ ಸಂಜೆ ಬಾಡಿಗೆಯ ಹಲಗೆಗಳನ್ನು ಒರೆಸಿ ಒಣಗಿಸಿ, ಅಂಚಿನ ಉಕ್ಕಿಗೆ ತುಕ್ಕು ಹಿಡಿಯದಂತೆ ದಪ್ಪನಾಗಿ ಮೇಣ ಬಳಿದು, ಮುಂದಿನ ವರ್ಷಕ್ಕೆಂದು ಎತ್ತಿಡುವರು. ನಮ್ಮಲ್ಲಿ ಕುಡುಗೋಲಿಗೆ ಎಣ್ಣೆ ಸವರಿ ಅಟ್ಟಕ್ಕೆ ಸೇರಿಸುವ ಹಾಗೆಯೇ. ಪ್ರವಾಸಿಗಳನ್ನು ಮರದ ಜಾರುಬಂಡಿಯಲ್ಲಿ ಕುಳ್ಳಿರಿಸಿ ಹಗ್ಗ ಹಿಡಿದು ಎಳೆಯುವ ಕೂಲಿಯವನು ಬಂಡಿಯನ್ನು ಗೋಡೆಗೆ ಒರಗಿಸುವನು. ಹಿಮವಿದ್ದಷ್ಟು ದಿನ ಅವನಿಗೆ ಕೂಲಿ. ಈ ಸಲ ಆ ದಿನಗಳು ಎಷ್ಟೆಂಬುದನ್ನು ಅವನು ಲೆಕ್ಕದ ಪುಸ್ತಕವಿಲ್ಲದೆಯೇ ಹೇಳಬಲ್ಲನು. ಕೆಳಗಿನ ಕಣಿವೆಯಲ್ಲಿ ಬತ್ತದ ನಾಟಿ ಜೂನ್ ತಿಂಗಳಿಗೆ. ಅಲ್ಲಿಗೆ ನಮ್ಮ ಮುಂಗಾರು ಹೆಸರಿಗೆ ಮಾತ್ರ ತಲಪುವುದು. ಗದ್ದೆಗೆ ನೀರು ಬರಬೇಕಾದುದು ಅವನು ಈಗ ಬೆನ್ನು ಮಾಡಿ ಇಳಿಯುತ್ತಿರುವ ಆ ಬೆಟ್ಟದಿಂದಲೇ.