ಮರದಿಂದ ತೈಲ: ಯಂತ್ರಕ್ಕಿಂತ ಮೊದಲು ಗಿರಾಕಿ

ಮರದ ಹೊಟ್ಟು, ಚಕ್ಕೆಗಳಿಂದ ಇಂಧನ ತೈಲ ಮತ್ತು ಇದ್ದಿಲು ತೆಗೆಯುವ ಪೈರೋಲಿಸಿಸ್ ವಿಧಾನವು ಸಣ್ಣ ಉದ್ಯಮಿಗಳನ್ನು ಆಕರ್ಷಿಸುವುದು ಸಹಜ. ಆದರೆ ಸಾಲ ಮಾಡಿ ಯಂತ್ರ ತರುವ ಮುನ್ನ, ದೊರೆಯುವ ಸರಕು ಯಾವುದು, ಅದನ್ನು ಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು.

ಒಣಗಿದ ಮರವನ್ನು ಗಾಳಿಯಿಲ್ಲದೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕ್ಷಣಮಾತ್ರದಲ್ಲಿ ಕಾಯಿಸಿ, ಹೊಮ್ಮಿದ ಆವಿಯನ್ನು ಕೂಡಲೇ ತಣಿಸಿದರೆ, ಮರದ ತೂಕದ ಶೇ. 60ರಿಂದ 70ರಷ್ಟು ದ್ರವ ದೊರೆಯುತ್ತದೆ. ಅದನ್ನು ಡೀಸೆಲ್ ಎಂದು ಭಾವಿಸಲಾಗದು. ಅದರಲ್ಲಿ ಸುಮಾರು ಕಾಲುಭಾಗ ನೀರು. ಆಮ್ಲಗುಣದಿಂದ ಸಾಮಾನ್ಯ ಉಕ್ಕಿನ ತೊಟ್ಟಿಯನ್ನು ಅದು ತಿನ್ನುತ್ತದೆ. ತೂಕಕ್ಕೆ ತೂಕ ನೋಡಿದರೆ ಅದರ ಶಾಖ ಫರ್ನೇಸ್ ಆಯಿಲ್‌ನ ಅರ್ಧಕ್ಕಿಂತ ಕಡಿಮೆ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಪೈನ್ ಮರದಿಂದ ಪೆಟ್ರೋಲ್, ಡೀಸೆಲ್ ತಯಾರಿಸಲು ಹೊರಟ ಕಿಯೋರ್ ಸಂಸ್ಥೆಗೆ ರಾಜ್ಯ ಸರ್ಕಾರವೇ 7.5 ಕೋಟಿ ಡಾಲರ್ ಸಾಲ ನೀಡಿತ್ತು. ನಿರೀಕ್ಷಿಸಿದ ಇಳುವರಿ ಬರಲಿಲ್ಲ. 2014ರಲ್ಲಿ ಸಂಸ್ಥೆ ದಿವಾಳಿಯಾಯಿತು. ನೆದರ್ಲೆಂಡ್ಸ್‌ನ ಹೆಂಗೆಲೊದಲ್ಲಿ 2015ರಲ್ಲಿ ಆರಂಭವಾದ ಎಂಪೈರೊ ಘಟಕ ಅಂತಹ ಮಹತ್ವಾಕಾಂಕ್ಷೆ ಇಟ್ಟುಕೊಳ್ಳಲಿಲ್ಲ. ತನ್ನ ತೈಲವನ್ನು ನೈಸರ್ಗಿಕ ಅನಿಲದ ಬದಲಿಗೆ ಡೈರಿ ಕಾರ್ಖಾನೆಯೊಂದರ ಬಾಯ್ಲರ್‌ಗೆ ಒದಗಿಸಿತು. ಮಿಕ್ಕ ಶಾಖದ ಹಬೆಯನ್ನು ನೆರೆಯ ಉಪ್ಪಿನ ಕಾರ್ಖಾನೆಗೆ ಕೊಟ್ಟಿತು. ಗಿರಾಕಿ ಸಮೀಪದಲ್ಲೇ ಇದ್ದುದು ಅದರ ಬಲ.

ಆ ಘಟಕದಲ್ಲಿ ಇದ್ದಿಲು ಮಾರಾಟಕ್ಕೆ ಉಳಿಯುವುದಿಲ್ಲವೆಂಬುದೂ ಗಮನಾರ್ಹ. ಸ್ಥಾವರವನ್ನು ಕಾಯಿಸಲು ಅದೇ ಉರುವಲು. ತೈಲ, ಇದ್ದಿಲು ಎರಡರಲ್ಲೂ ಪೂರ್ಣ ಲಾಭ ತೋರಿಸುವ ಯೋಜನಾ ವರದಿಯನ್ನು ಆದ್ದರಿಂದಲೇ ಅನುಮಾನಿಸಬೇಕು.

ಕರ್ನಾಟಕದ ಸಣ್ಣ ಉದ್ಯಮಿಗೆ ನಿಧಾನವಾಗಿ ಕಾಯಿಸುವ ವಿಧಾನವೇ ಹೆಚ್ಚು ಸೂಕ್ತ. ಅದರಲ್ಲಿ ಒಣಮರದ ತೂಕದ ಸುಮಾರು ಮೂರನೇ ಒಂದು ಭಾಗ ಇದ್ದಿಲಾಗುತ್ತದೆ. ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವ ವೃತ್ತಿ ತೆಂಗಿನ ಸೀಮೆಗೆ ಹೊಸದಲ್ಲ. ತೆರೆದ ಗುಂಡಿಯಲ್ಲಿ ಹೊಗೆಯಾಗಿ ಹೋಗುವ ಅನಿಲವನ್ನು ಮುಚ್ಚಿದ ಕುಲುಮೆಯಲ್ಲಿ ಉರಿಸಿಕೊಂಡರೆ ಒಣಗಿಸುವ ಖರ್ಚು ತಗ್ಗುತ್ತದೆ, ಊರಿನ ಗಾಳಿಯೂ ಉಳಿಯುತ್ತದೆ. ಮಲೆನಾಡಿನ ಹುಳಿ ಮಣ್ಣಿಗೆ ಜೈವಿಕ ಇದ್ದಿಲು ಉಪಕಾರಿಯಾಗಬಲ್ಲದು; ಆದರೆ ರೈತನು ಬೆಲೆ ತೆತ್ತು ಕೊಳ್ಳುವನೇ ಎಂಬುದನ್ನು ಮೊದಲು ಅರಿಯಬೇಕು.

ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಣಗಿಸುವ ವೆಚ್ಚವನ್ನು ಮರೆಯುವಂತಿಲ್ಲ. ಇಂದು ಅಗ್ಗವಾಗಿರುವ ಹೊಟ್ಟಿಗೆ ಬ್ರಿಕೆಟ್ ಘಟಕಗಳೂ ಬಾಯ್ಲರ್‌ಗಳೂ ಪೈಪೋಟಿಗಿವೆ. ಬೇಡಿಕೆ ಹೆಚ್ಚಿದೊಡನೆ ದರ ಏರುವುದು ನಿಶ್ಚಿತ. ಕಚ್ಚಾಮಾಲಿಗೆ ಒಂದು ಕರಾರು, ಸರಕಿಗೆ ಇನ್ನೊಂದು ಕರಾರು ಕೈಯಲ್ಲಿದ್ದವರು ಮಾತ್ರ ಬ್ಯಾಂಕಿನ ಬಾಗಿಲು ತಟ್ಟುವುದು ಲೇಸು.