ಮಗು ಹೇಳಿದ್ದು ಯಾರ ಸ್ವತ್ತು?

‘ಒಳಗೆ ಏನ್ ಹೇಳ್ದ ಮೇಡಂ?’ ಆಪ್ತಸಮಾಲೋಚನೆ ಮುಗಿಸಿ ಮಗು ಹೊರಗೆ ಬಂದ ಕೂಡಲೇ ಅಪ್ಪ-ಅಮ್ಮ ಕೇಳುವ ಮೊದಲ ಪ್ರಶ್ನೆ ಇದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಯಾವ ಹೈಸ್ಕೂಲಿಗೆ ಹೋದರೂ ನನಗೆ ಇದು ತಪ್ಪಿದ್ದಲ್ಲ.

ಕೇಳುವುದು ತಪ್ಪಲ್ಲ, ಹೆತ್ತ ಕರುಳು. ಆದರೆ ನಾನು ಹೇಳುವುದಿಲ್ಲ. ಏನನ್ನು ತಿಳಿಸಬಹುದು ಎಂದು ಮಗುವನ್ನೇ ಕೇಳಿ, ಅಷ್ಟನ್ನು ಮಾತ್ರ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಹೆಚ್ಚಿನವರದು ಒಂದೇ ಮಾತು: ‘ಫೇಲಾದ್ರೆ ಬೈಬೇಡಿ ಅಂತ ಹೇಳಿ ಮಿಸ್.’ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು ಎನ್ನುವುದು ಮಕ್ಕಳಿಗೆ ಗೊತ್ತು, ಅಪ್ಪಂದಿರಿಗೆ ನೆನಪಿರುವುದಿಲ್ಲ.

ನಮ್ಮ ಕಡೆ ಗುಟ್ಟು ಉಳಿಯುವುದೇ ಕಷ್ಟ. ಮೇಷ್ಟ್ರು ಅಪ್ಪನ ಸ್ನೇಹಿತರು, ಆಸ್ಪತ್ರೆಯ ನರ್ಸಮ್ಮ ಚಿಕ್ಕಮ್ಮನ ನಾದಿನಿ. ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದು ಸಂಜೆಗೆ ಮನೆ ಮುಟ್ಟುತ್ತದೆ. ಸಂತೆಯ ದಿನವಂತೂ ಕೇಳಲೇಬೇಡಿ. ಇದು ಗೊತ್ತಿರುವ ಮಗು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಬಹುಪಾಲು ಆಂಧ್ರವೇ ಸುತ್ತುವರಿದಿರುವ ಪಾವಗಡದಲ್ಲಿ ಇನ್ನೊಂದು ತೊಡಕು. ಶಾಲೆಯಲ್ಲಿ ಚೆಂದದ ಕನ್ನಡ ಬರೆಯುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಳು ಬಂದಾಗ ಬಾಯಿಗೆ ಬರುವುದೂ ಅದೇ. ಅರ್ಥ ಹೇಳಲೆಂದು ಅಣ್ಣನನ್ನೋ ಮೇಷ್ಟ್ರನ್ನೋ ಪಕ್ಕದಲ್ಲಿ ಕೂರಿಸಿದರೆ ಅಲ್ಲಿಗೆ ಮಾತು ಮುಗಿಯಿತು. ನನ್ನದು ಸಂತೆಯ ತೆಲುಗು. ಮಕ್ಕಳು ನಕ್ಕು ತಿದ್ದುತ್ತಾರೆ. ಆ ನಗುವಿನಿಂದಲೇ ಮಾತು ಶುರುವಾಗುವುದೂ ಉಂಟು.

ಹಾಗಂತ ಎಲ್ಲವನ್ನೂ ಬಚ್ಚಿಡಲಾಗದು. ಇದನ್ನು ಮೊದಲ ದಿನವೇ ಮಗುವಿಗೆ ಹೇಳಿಬಿಡುತ್ತೇನೆ. ಬದುಕೇ ಬೇಡ ಎಂಬ ಮಾತು ಬಂದರೆ ಅವತ್ತೇ ಮನೆಯವರಿಗೆ ತಿಳಿಸುತ್ತೇನೆ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದೊಳಗೆ ಇಡಿಸುತ್ತೇನೆ. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆ ಆಪ್ತಸಮಾಲೋಚಕರಿಗೂ ವಿನಾಯಿತಿ ಕೊಟ್ಟಿಲ್ಲ. ಮದುವೆಯ ವಯಸ್ಸಾಗದ ಹುಡುಗಿಗೆ ಗಂಡು ನೋಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ‘ಯಾರಿಗೂ ಹೇಳ್ಬೇಡಿ ಮಿಸ್’ ಎಂದು ಕೈ ಹಿಡಿದುಕೊಂಡ ಹುಡುಗಿಯ ಮುಂದೆ ಕಾಯ್ದೆ ಒಪ್ಪಿಸುವುದು ಸುಲಭವಲ್ಲ. ಯಾರಿಗೆ, ಯಾವಾಗ, ಎಷ್ಟು ಹೇಳುತ್ತೇನೆ ಎಂಬುದನ್ನು ಮೊದಲು ಅವಳಿಗೇ ಹೇಳುತ್ತೇನೆ. ಕೆಲವರು ಆಮೇಲೆ ನನ್ನ ಜೊತೆ ಮಾತು ಬಿಡುತ್ತಾರೆ. ಬಿಡಲಿ.

ಎದುರು ಕೂತು ಮಾತಾಡಲು ಅಂಜುವವರಿಗೆ ಟೆಲಿ-ಮನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ. ಒಂದೇ ಕಷ್ಟ, ಎಷ್ಟೋ ಮನೆಗಳಲ್ಲಿ ಇರುವುದು ಅಪ್ಪನ ಫೋನ್ ಒಂದೇ. ಅದರಲ್ಲಿ ಈ ಸಂಖ್ಯೆ ಕಂಡರೆ ಮತ್ತೆ ಫೋನ್ ಮಾಡಿ ‘ನಮ್ಮ ಹುಡುಗ ಏನ್ ಹೇಳ್ದ?’ ಎಂದು ಕೇಳಬೇಡಿ. ಅವರೂ ಹೇಳುವುದಿಲ್ಲ. ನಿಮಗೇ ಏನಾದರೂ ಹೇಳಿಕೊಳ್ಳುವುದಿದ್ದರೆ ಮಾತ್ರ ಧಾರಾಳವಾಗಿ ಮಾಡಿ, ಕೇಳಿಸಿಕೊಳ್ಳುತ್ತಾರೆ.